ಈಜಿಪ್ಟ್ ಶೈಲಿಯ ಹಳೇ ಗಿಲೀಟು ಒಡವೆ: ಯಾವ ಕಾಲದ್ದು, ಯಾರಿಗೆ ಹೊಂದುತ್ತದೆ?

ಈಜಿಪ್ಟ್ ಶೈಲಿಯ ಹಳೆಯ ಒಡವೆ ಹುಡುಕಲು ಹೊರಟವರಿಗೆ ಮಾರುವವರಿಂದ ಪದೇ ಪದೇ ಕೇಳಿಸುವ ಮಾತು ಒಂದೇ: "ಇದು 1920ರ ದಶಕದ್ದು." ಫೇರೋ, ಅಂದರೆ ಪ್ರಾಚೀನ ಈಜಿಪ್ಟಿನ ರಾಜನ ಮುಖ ಇದ್ದರೆ ಸಾಕು, ರೆಕ್ಕೆ ಬಿಚ್ಚಿದ ಜೀರುಂಡೆ ಇದ್ದರೆ ಸಾಕು, ಪಕ್ಕದಲ್ಲಿ 1920 ಅಂತ ಬಂದುಬಿಡುತ್ತದೆ. ಅವುಗಳಲ್ಲಿ ಎಷ್ಟೋ ಒಡವೆಗಳು ನಿಜವಾಗಿ 1970ರ ದಶಕದವು. ಕೆಲವು ಇತ್ತೀಚೆಗೆ ಹಳೇ ಅಚ್ಚಿನಲ್ಲಿ ಒತ್ತಿ ಮಾಡಿದವು.

1970ರದ್ದು ಅಂದ ಮಾತ್ರಕ್ಕೆ ಕಡಿಮೆಯದು ಅಂತಲ್ಲ. ಅನುಮಾನದ 1920ಕ್ಕಿಂತ ಖಚಿತವಾದ 1970 ಎಷ್ಟೋ ಮೇಲು ಅನ್ನುವುದು ನನ್ನ ಅಭಿಪ್ರಾಯ. ಕಾಲ ಬದಲಾದರೆ ಲೋಹ ಬದಲಾಗುತ್ತದೆ, ತೂಕ ಬದಲಾಗುತ್ತದೆ, ಹಾಕಿಕೊಳ್ಳುವ ಬಗೆ, ಕಾಪಾಡುವ ಬಗೆ ಎಲ್ಲವೂ ಬದಲಾಗುತ್ತವೆ. ಆದ್ದರಿಂದ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಇದನ್ನು ಹಾಕಿಕೊಂಡು ಓಡಾಡಬೇಕಾ, ಅಥವಾ ಪೆಟ್ಟಿಗೆಯಲ್ಲಿಟ್ಟು ಆಗಾಗ ತೆಗೆದು ನೋಡಿ ಖುಷಿಪಡಬೇಕಾ? ಇದಕ್ಕೆ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ಮುಗಿದಂತೆ.

ಎರಡು ದೊಡ್ಡ ಅಲೆಗಳು

ಯುರೋಪಿಗೆ ಈಜಿಪ್ಟಿನ ಹುಚ್ಚು ಹಿಡಿದಿದ್ದು ಒಂದೇ ಸಲ ಅಲ್ಲ. 1798ರಲ್ಲಿ ನೆಪೋಲಿಯನ್ ಸೈನ್ಯದ ಜೊತೆ ವಿದ್ವಾಂಸರನ್ನೂ ಕಟ್ಟಿಕೊಂಡು ಈಜಿಪ್ಟಿಗೆ ಹೋದ. 1822ರಲ್ಲಿ ಫ್ರೆಂಚ್ ವಿದ್ವಾಂಸ ಷಾಂಪೋಲಿಯನ್ ಈಜಿಪ್ಟಿನ ಚಿತ್ರಲಿಪಿಯ ಗುಟ್ಟು ಬಿಡಿಸಿದ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಪ್ರತಿ ಸಲವೂ ಕಮಲ, ಸ್ಕ್ಯಾರಬ್ ಜೀರುಂಡೆ, ಹೆಡೆಯೆತ್ತಿದ ನಾಗರ ಎಲ್ಲವೂ ಒಡವೆಗಳ ಮೇಲೆ ಮೂಡಿದವು. ಆದರೆ ಆ ಕಾಲದ ಹೆಸರಾಂತ ಕೆಲಸ ಹೆಚ್ಚಾಗಿ ಚಿನ್ನದಲ್ಲಿ, ಉಳ್ಳವರಿಗಾಗಿ ಆದದ್ದು. ಇಲ್ಲಿ ಅದರ ಮಾತಿಲ್ಲ.

ಗಿಲೀಟು ಒಡವೆಯ ಮಟ್ಟಿಗೆ ಮೊದಲ ದೊಡ್ಡ ಅಲೆ ಎದ್ದದ್ದು 1922ರ ನವೆಂಬರ್ ನಂತರ. ಬ್ರಿಟಿಷ್ ಪುರಾತತ್ವಜ್ಞ ಹೋವರ್ಡ್ ಕಾರ್ಟರ್ ಈಜಿಪ್ಟಿನ ರಾಜರ ಕಣಿವೆಯಲ್ಲಿ ಟುಟಂಖಾಮನ್ ಅನ್ನುವ ಫೇರೋನ ಸಮಾಧಿಯನ್ನು ಪತ್ತೆ ಮಾಡಿದ. ಪತ್ರಿಕೆಗಳಲ್ಲಿ ವರ್ಷಗಟ್ಟಲೆ ಅದೇ ಸುದ್ದಿ. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಗೂ ಒಂದು ಸ್ಕ್ಯಾರಬ್ ಬ್ರೂಚ್, ಅಂದರೆ ಬಟ್ಟೆಗೆ ಸೂಜಿಯಿಂದ ಸಿಕ್ಕಿಸುವ ಒಡವೆ, ಬೇಕಾಯಿತು. ಅದನ್ನು ಅಗ್ಗದಲ್ಲಿ ಮಾಡಿಕೊಡಲು ಕಾರ್ಖಾನೆಗಳು ಸಿದ್ಧವಾಗಿದ್ದವು.

ಎರಡನೆಯ ಅಲೆ ಅಮೆರಿಕ ಮತ್ತು ಬ್ರಿಟನ್ನಿನದು. 1963ರಲ್ಲಿ ಎಲಿಜಬೆತ್ ಟೇಲರ್ ನಟಿಸಿದ 'ಕ್ಲಿಯೋಪಾತ್ರ' ತೆರೆಗೆ ಬಂದಾಗ ಹಾವಿನ ಬಳೆ, ದಪ್ಪ ಕಾಡಿಗೆಯ ಕಣ್ಣು ಫ್ಯಾಷನ್ ಆದವು. 1972ರಲ್ಲಿ, ಸಮಾಧಿ ಸಿಕ್ಕಿ 50 ವರ್ಷವಾದಾಗ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಟುಟಂಖಾಮನ್ ನಿಧಿಯ ಪ್ರದರ್ಶನ ನಡೆಸಿತು. 16 ಲಕ್ಷಕ್ಕೂ ಹೆಚ್ಚು ಜನ ಸಾಲಿನಲ್ಲಿ ನಿಂತು ನೋಡಿದರು. 1976ರಿಂದ 1979ರವರೆಗೆ ಆ ನಿಧಿ ಅಮೆರಿಕದ ಊರೂರು ಸುತ್ತಿತು. ಇವತ್ತು ಮಾರುಕಟ್ಟೆಯಲ್ಲಿ ಕಾಣುವ ದೊಡ್ಡ ದೊಡ್ಡ ಫೇರೋ ಪದಕಗಳ ಹಿಂದೆ ಇರುವುದು ಈ ಅಲೆ.

ಜೆಕ್ ಗಾಜು ಮತ್ತು ಹಿತ್ತಾಳೆ, 1920–30ರ ದಶಕಗಳು

ನನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದು ಇದು, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಉತ್ತರ ಬೊಹೀಮಿಯಾದಲ್ಲಿ ಗಾಬ್ಲೋನ್ಸ್ ಅಂತ ಒಂದು ಊರು. ಈಗ ಜೆಕ್ ಗಣರಾಜ್ಯದಲ್ಲಿದೆ, ಹೆಸರು ಯಾಬ್ಲೋನೆಟ್ಸ್. ಊರಿಗೆ ಊರೇ ಗಾಜಿನ ಮಣಿ, ಗುಂಡಿ, ಹರಳು ಮಾಡಿ ಬದುಕಿತ್ತು. ನಮಗೂ ಆ ಊರಿಗೂ ಹಳೆಯ ನಂಟಿದೆ: ಅಲ್ಲಿನ ಗಾಜಿನ ಬಳೆಗಳು ಭಾರತದ ಪೇಟೆಗಳಿಗೆ ಹಡಗಿನಲ್ಲಿ ಬರುತ್ತಿದ್ದವು. ಅದೇ ಕುಲುಮೆಗಳು, ಅದೇ ಕೈಗಳು ಟುಟಂಖಾಮನ್ ಸುದ್ದಿ ಹಬ್ಬಿದ ಮೇಲೆ ಸ್ಕ್ಯಾರಬ್ ಒತ್ತತೊಡಗಿದವು.

ಕೆಲಸದ ಬಗೆ ಹೀಗೆ. ಬಿಸಿ ಗಾಜಿನ ಕಡ್ಡಿಯನ್ನು ಅಚ್ಚಿನಲ್ಲಿ ಒತ್ತಿ ಜೀರುಂಡೆಯನ್ನೋ ಫೇರೋ ತಲೆಯನ್ನೋ ತೆಗೆಯುತ್ತಿದ್ದರು. ತೆಳು ಹಿತ್ತಾಳೆ ತಗಡನ್ನು ಇನ್ನೊಂದು ಅಚ್ಚಿನಲ್ಲಿ ಒತ್ತಿ ಜಾಲರಿಯಂಥ ಚೌಕಟ್ಟು ಮಾಡುತ್ತಿದ್ದರು. ತಗಡಿನ ಚಿಕ್ಕ ಹಲ್ಲುಗಳನ್ನು ಮಡಚಿ ಗಾಜನ್ನು ಹಿಡಿಸುತ್ತಿದ್ದರು. ಕೊನೆಗೆ ಕೆಂಪು, ನೀಲಿ, ಹಸಿರು ಬಣ್ಣದ ಲೇಪ. ಗಾಜಿನ ಪುಡಿಯನ್ನು ಕುಲುಮೆಯಲ್ಲಿ ಸುಟ್ಟು ಕೂರಿಸುವ ಎನಾಮಲ್ ಅಲ್ಲ ಅದು, ಹೆಚ್ಚಿನವುಗಳಲ್ಲಿ ಬರೀ ಹಚ್ಚಿದ ಬಣ್ಣ. ಆದ್ದರಿಂದಲೇ ಹಳೆಯ ಪದಕಗಳಲ್ಲಿ ಉಬ್ಬಿದ ಜಾಗದ ಬಣ್ಣ ಸವೆದಿರುತ್ತದೆ.

ಇಲ್ಲಿ ತಪ್ಪದೆ ಕೇಳಿಬರುವ ಹೆಸರು ನೈಗರ್. ಮ್ಯಾಕ್ಸ್ ಮತ್ತು ನಾರ್ಬರ್ಟ್ ನೈಗರ್ ಅನ್ನುವ ಅಣ್ಣತಮ್ಮಂದಿರು ಗಾಬ್ಲೋನ್ಸ್‌ನಲ್ಲಿ ಕೆಲಸ ನಡೆಸುತ್ತಿದ್ದರು. ಅವರ ಈಜಿಪ್ಟ್ ಸರಗಳು ಈ ಜಾತಿಯಲ್ಲೇ ಚೆಂದ. ಒಂದೊಂದು ಕೊಂಡಿಯಲ್ಲೂ ಒಂದು ಚಿತ್ರ, ಫೇರೋ ಆದ ಮೇಲೆ ಸ್ಕ್ಯಾರಬ್, ಸ್ಕ್ಯಾರಬ್ ಆದ ಮೇಲೆ ಕಮಲ. ಕತ್ತಿನ ಸುತ್ತ ಒಂದು ಕತೆ ಓಡುತ್ತದೆ. ಅವರು ಯಹೂದಿಗಳು. ನಾಜಿಗಳ ಕಾಲದಲ್ಲಿ ಪ್ರಾಣ ಕಳೆದುಕೊಂಡರು. ಯುದ್ಧ ಮುಗಿದ ಮೇಲೆ ಆ ಊರಿನ ಜರ್ಮನ್ ಮಾತಾಡುವ ಕುಶಲಕರ್ಮಿಗಳನ್ನೂ ಹೊರಹಾಕಿದರು. ಅವರಲ್ಲಿ ಅನೇಕರು ಬವೇರಿಯಾದಲ್ಲಿ ನೋಯ್‌ಗಾಬ್ಲೋನ್ಸ್ ಅನ್ನುವ ಹೊಸ ನೆಲೆ ಕಟ್ಟಿಕೊಂಡರು. ಒಂದು ಚಿಕ್ಕ ಗಾಜಿನ ಬ್ರೂಚ್ ಕೈಯಲ್ಲಿ ಹಿಡಿದಾಗ ಇದೆಲ್ಲ ನೆನಪಿರಬೇಕು ಅಂತ ನನಗನ್ನಿಸುತ್ತದೆ.

ಆದರೆ ಕೊಳ್ಳುವಾಗ ಒಂದು ಎಚ್ಚರ. ನೈಗರ್ ಒಡವೆಗಳ ಮೇಲೆ ಸಾಮಾನ್ಯವಾಗಿ ಅವರ ಹೆಸರು ಇರುವುದಿಲ್ಲ. ಚೌಕಟ್ಟಿನ ಅಚ್ಚು, ಬಣ್ಣದ ಜೋಡಣೆ ನೋಡಿ ತಿಳಿದವರು ಅಂದಾಜು ಹೇಳುತ್ತಾರೆ. ಅಂದಾಜಿಗೆ ಮೂರು ಪಟ್ಟು ಬೆಲೆ ಕೇಳಿದರೆ ಕೊಡಬೇಡಿ. ಒಡವೆ ಚೆನ್ನಾಗಿದ್ದರೆ ಒಡವೆಗೆ ಕೊಡಿ, ಹೆಸರಿಗಲ್ಲ. ಇನ್ನೊಂದು ಗುರುತು 'ಚೆಕೊಸ್ಲೊವಾಕಿಯಾ' ಅನ್ನುವ ಮುದ್ರೆ. ಸರದ ಕೊಂಡಿಯ ಪಕ್ಕದ ಪುಟ್ಟ ತಗಡಿನ ಮೇಲೋ, ಬ್ರೂಚಿನ ಹಿಂದೆಯೋ ಇರುತ್ತದೆ. ಓದಲು ಭೂತಗನ್ನಡಿ ಬೇಕು. ಆ ದೇಶ ಹುಟ್ಟಿದ್ದು 1918ರಲ್ಲಿ, ಇಬ್ಭಾಗವಾದದ್ದು 1993ರ ಆರಂಭದಲ್ಲಿ. ಹಾಗಾಗಿ ಮುದ್ರೆ ಇದ್ದರೆ ಆ ಗಡಿಯೊಳಗಿನದು ಅನ್ನಬಹುದು. 1920ರದ್ದೇ ಅನ್ನಲು ಅದೊಂದೇ ಸಾಲದು.

ಹಾಕಿಕೊಳ್ಳಲು ಹೇಗೆ? ಹಗುರ. ತಗಡು ತೆಳುವಾದ್ದರಿಂದ ದಿನವಿಡೀ ಹಾಕಿಕೊಂಡರೂ ಕತ್ತಿಗೆ ಭಾರವಿಲ್ಲ. ಆದರೆ ನಾಜೂಕು. ಹಲ್ಲು ಸಡಿಲವಾದರೆ ಗಾಜು ಉದುರುತ್ತದೆ. ಬೆವರು ತಾಗಿದರೆ ಬಣ್ಣ ಏಳುತ್ತದೆ. ಮದುವೆಮನೆಯ ಗದ್ದಲಕ್ಕೆ ಇದು ಬೇಡ. ಸಂಜೆಯ ಒಂದು ಕಾರ್ಯಕ್ರಮಕ್ಕೆ, ಅಂಚಿಲ್ಲದ ತಿಳಿಬಣ್ಣದ ಸೀರೆಯ ಮೇಲೆ, ಇದರಷ್ಟು ಚೆಂದ ಇನ್ನೊಂದಿಲ್ಲ. ಜರಿಯಂಚಿನ ರೇಷ್ಮೆಯ ಮೇಲೆ ಮಾತ್ರ ಈ ಹಿತ್ತಾಳೆ ಸೋತುಹೋಗುತ್ತದೆ.

ನ್ಯೂಯಾರ್ಕಿನ ದೊಡ್ಡ ಪದಕಗಳು, 1960–70ರ ದಶಕಗಳು

ಇವುಗಳ ಸ್ವಭಾವವೇ ಬೇರೆ. ದೂರದಿಂದ ಕಾಣಬೇಕು, ಕೋಣೆಗೆ ಕಾಲಿಟ್ಟ ಕೂಡಲೇ ಕಣ್ಣು ಅಲ್ಲಿಗೇ ಹೋಗಬೇಕು ಅಂತ ಮಾಡಿದವು. ಅಚ್ಚಿಗೆ ಎರಕ ಹೊಯ್ದ ದಪ್ಪ ಲೋಹ, ಮೇಲೆ ಚಿನ್ನದ ಬಣ್ಣದ ಲೇಪ, ನಡುವೆ ಕಡುನೀಲಿ ಲ್ಯಾಪಿಸ್ ಕಲ್ಲು, ಹವಳ, ಹಸಿರುನೀಲಿ ಟರ್ಕಾಯ್ಸ್ ಕಲ್ಲಿನ ಹಾಗೆ ಕಾಣುವ ಪ್ಲಾಸ್ಟಿಕ್ ಅಥವಾ ಗಾಜು. ಉದ್ದ ಸರಪಳಿಗೆ ತೂಗುವ ಅಂಗೈಯಗಲದ ಫೇರೋ ಮುಖ, ಎರಡು ತಲೆ ಎದುರುಬದುರಾಗಿರುವ ಗಟ್ಟಿ ಬಳೆ, ಎದೆಯ ಮೇಲೆ ಹರಡುವ ಕೊರಳಪಟ್ಟಿ.

ಕೆನೆತ್ ಜೇ ಲೇನ್, ಹ್ಯಾಟಿ ಕಾರ್ನೆಗಿ, ಆಕ್ಸೆಸೊಕ್ರಾಫ್ಟ್, ಮಿರಿಯಂ ಹ್ಯಾಸ್ಕೆಲ್ ಈ ಸಾಲಿನಲ್ಲಿ ಸಿಗುವ ತಯಾರಕರ ಹೆಸರುಗಳು. ಹ್ಯಾಟಿ ಕಾರ್ನೆಗಿ 1956ರಲ್ಲೇ ತೀರಿಕೊಂಡರು. ಅವರ ಹೆಸರಿನ ಕಂಪನಿ ಮುಂದುವರಿಯಿತು. ಆದ್ದರಿಂದ ಈ ಶೈಲಿಯ ಪದಕವೊಂದನ್ನು ತೋರಿಸಿ "ಸ್ವತಃ ಹ್ಯಾಟಿ ಕಾರ್ನೆಗಿಯವರೇ ಮಾಡಿಸಿದ್ದು" ಅಂದರೆ ನಂಬುವ ಮೊದಲು ಒಡವೆಯ ಕಾಲ ನೋಡಿ. ಕೆನೆತ್ ಜೇ ಲೇನ್ 2017ರವರೆಗೆ ಬದುಕಿದ್ದರು, ಹತ್ತಾರು ವರ್ಷ ಒಡವೆ ಮಾಡಿಸಿದರು. ಅವರ ಮುದ್ರೆಗಳಲ್ಲಿ ಅಕ್ಷರಗಳ ನಡುವೆ ಚುಕ್ಕಿ ಇರುವ 'ಕೆ.ಜೆ.ಎಲ್.' ಹಳೆಯದು ಎಂದು ಸಂಗ್ರಾಹಕರು ಲೆಕ್ಕ ಹಾಕುತ್ತಾರೆ. ಪೂರ್ತಿ ಹೆಸರಿನ ಮುದ್ರೆ ನಂತರದ್ದು. ಏವನ್ ಕಂಪನಿಗಾಗಿ ಮಾಡಿಕೊಟ್ಟವುಗಳ ಮೇಲೆ ಎರಡೂ ಹೆಸರು ಇರುತ್ತವೆ. ಅವು ಇನ್ನೂ ಈಚಿನವು, ಬೆಲೆಯೂ ಕಡಿಮೆ ಇರಬೇಕು.

ಇನ್ನೊಂದು ಒಳ್ಳೆಯ ಗುರುತಿದೆ. ಅಮೆರಿಕದ ಗಿಲೀಟು ಒಡವೆಗಳ ಮೇಲೆ ವೃತ್ತದೊಳಗಿನ 'ಸಿ', ಅಂದರೆ ಕಾಪಿರೈಟ್ ಚಿಹ್ನೆ, ಸಾಮಾನ್ಯವಾಗಿ ಕಾಣತೊಡಗಿದ್ದು 1955ರ ನಂತರ. ಒಡವೆ ಮಾಡುವ ಟ್ರೈಫಾರಿ ಕಂಪನಿ ನ್ಯಾಯಾಲಯಕ್ಕೆ ಹೋಗಿ, ಒಡವೆಯ ವಿನ್ಯಾಸಕ್ಕೂ ಕಲಾಕೃತಿಯ ಹಕ್ಕಿದೆ ಅಂತ ಆ ವರ್ಷ ಗೆದ್ದಿತು. ಆಮೇಲೆ ಎಲ್ಲರೂ ಆ ಚಿಹ್ನೆ ಒತ್ತತೊಡಗಿದರು. 1920ರದ್ದು ಅಂತ ತೋರಿಸಿದ ಪದಕದ ಹಿಂದೆ ಆ ಚಿಹ್ನೆ ಕಂಡರೆ ಮಾತು ಅಲ್ಲಿಗೇ ಮುಗಿಯಿತು.

ಮೊದಲ ಸಲ ಕೊಳ್ಳುವವರಿಗೆ, ಹಾಕಿಕೊಳ್ಳಲೇಬೇಕು ಅನ್ನುವವರಿಗೆ, ನಾನು ಇದನ್ನೇ ಹೇಳುತ್ತೇನೆ. ಗಟ್ಟಿ. ಮುದ್ರೆ ಇರುವುದರಿಂದ ಗುರುತು ಸುಲಭ. ಗಾಢ ಬಣ್ಣದ ಹತ್ತಿ ಕುರ್ತಾ, ಇಳಕಲ್ ಸೀರೆ, ಕಪ್ಪು ಬ್ಲೌಸ್, ಯಾವುದರ ಮೇಲಾದರೂ ನಿಲ್ಲುತ್ತದೆ. ಕೊರತೆ ಏನೆಂದರೆ ತೂಕ. ದೊಡ್ಡ ಪದಕವನ್ನು ಕೊಳ್ಳುವ ಮೊದಲು ಗ್ರಾಂ ಲೆಕ್ಕ ಕೇಳಿ. ಲೇಪ ಹೋದ ಜಾಗದಲ್ಲಿ ಒಳಗಿನ ಬೂದು ಲೋಹ ಕಂಡರೆ ಬಿಟ್ಟುಬಿಡಿ. ಮತ್ತೆ ಲೇಪ ಹಾಕಿಸಬಹುದು ಅನ್ನುತ್ತಾರೆ, ಆದರೆ ಹರಳು ಬಿಚ್ಚಿ ಹಾಕಿಸಬೇಕು. ಹಾಗೆ ಹಾಕಿಸಿದ ಮೇಲೆ ಅದು ಹೊಸ ಒಡವೆಯೇ.

ಕಿವಿಯೋಲೆಯ ವಿಷಯ ಬೇರೆ ಇದೆ. ಆ ಕಾಲದ ಪಾಶ್ಚಾತ್ಯ ಓಲೆಗಳಲ್ಲಿ ಹೆಚ್ಚಿನವು ಕ್ಲಿಪ್. ನಮ್ಮಲ್ಲಿ ಬಹುತೇಕ ಹೆಣ್ಣುಮಕ್ಕಳಿಗೆ ಕಿವಿ ಚುಚ್ಚಿರುತ್ತದೆ. ಭಾರದ ಕ್ಲಿಪ್ ಓಲೆ ಒಂದು ಗಂಟೆಯಲ್ಲೇ ಹಾಲೆ ನೋಯಿಸುತ್ತದೆ. ಅಕ್ಕಸಾಲಿಗೆ ಕೊಟ್ಟು ಕಡ್ಡಿ, ತಿರುಪು ಬೆಸೆಸಿಕೊಂಡರಾಯಿತು ಅನ್ನಿಸುತ್ತದೆ ಅಲ್ವಾ? ಬೇಡ. ಬೆಸುಗೆಯ ಶಾಖಕ್ಕೆ ಆ ಕಡಿಮೆ ದರ್ಜೆಯ ಲೋಹ ಕರಗಬಹುದು, ಬಣ್ಣ ಸುಟ್ಟುಹೋಗುತ್ತದೆ, ಹಳೆಯ ಒಡವೆ ಅನ್ನುವ ಬೆಲೆಯೂ ಹೋಗುತ್ತದೆ. ಕ್ಲಿಪ್ಪಿಗೆ ಸಿಕ್ಕಿಸುವ ಚಿಕ್ಕ ಕಡ್ಡಿಯ ಜೋಡಣೆಗಳು ಸಿಗುತ್ತವೆ, ಅವನ್ನು ಬಳಸಿ. ಇಲ್ಲವಾದರೆ ಸರ ಮತ್ತು ಬ್ರೂಚ್ ಕಡೆ ಹೋಗಿ.

ದಿನಬಳಕೆಗೆ: ಕಲ್ಲಿನ ಸ್ಕ್ಯಾರಬ್ ಬಳೆಪಟ್ಟಿ

ಇದರ ಬಗ್ಗೆ ಯಾರೂ ಅಷ್ಟು ಮಾತಾಡುವುದಿಲ್ಲ, ಸಿಗುವುದು ಮಾತ್ರ ಸುಲಭ. 1950ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಬಹಳ ಓಡಿದ ಒಡವೆ. ಆರೆಂಟು ಬಣ್ಣದ ಕಲ್ಲುಗಳನ್ನು ಜೀರುಂಡೆಯ ಆಕಾರಕ್ಕೆ ಕೆತ್ತಿ ಸಾಲಾಗಿ ಕೂರಿಸಿರುತ್ತಾರೆ: ಕೆಂಪು ಕಾರ್ನೀಲಿಯನ್, ಹುಲಿಗಣ್ಣು ಕಲ್ಲು, ಹಸಿರು ಬಣ್ಣ ಕುಡಿಸಿದ ಕ್ಯಾಲ್ಸೆಡನಿ, ಲ್ಯಾಪಿಸ್. ಹಿಂದೆ '1/20 12ಕೆ' ಅನ್ನುವಂಥ ಮುದ್ರೆ ಇದ್ದರೆ, ಲೋಹದ ತೂಕದಲ್ಲಿ 20ರಲ್ಲಿ ಒಂದು ಭಾಗ 12 ಕ್ಯಾರೆಟ್ ಚಿನ್ನದ ಪದರ ಅಂತ ಅರ್ಥ. ನಮ್ಮ ಹಿರಿಯರು ರೋಲ್ಡ್ ಗೋಲ್ಡ್ ಅನ್ನುತ್ತಿದ್ದ ಜಾತಿ ಇದು. ಬರೀ ಲೇಪಕ್ಕಿಂತ ಎಷ್ಟೋ ಪಾಲು ಬಾಳುತ್ತದೆ. ಆಫೀಸಿಗೆ ಹಾಕಿಕೊಂಡು ಹೋಗಬಹುದು, ಕಂಪ್ಯೂಟರ್ ಮುಂದೆ ಕುಳಿತರೆ ತೊಡಕಿಲ್ಲ.

ಕಲ್ಲೋ ಪ್ಲಾಸ್ಟಿಕ್ಕೋ ಅಂತ ನೋಡಲು ಕೆನ್ನೆಗೆ ತಾಗಿಸಿ. ಕಲ್ಲು, ಗಾಜು ತಣ್ಣಗಿರುತ್ತವೆ, ನಿಧಾನಕ್ಕೆ ಬಿಸಿಯಾಗುತ್ತವೆ. ಜೀರುಂಡೆಯ ಬೆನ್ನಿನ ಗೆರೆಗಳು ಒಂದೊಂದರಲ್ಲೂ ಸ್ವಲ್ಪ ಸ್ವಲ್ಪ ಬೇರೆ ಇದ್ದರೆ ಅದು ಕೆತ್ತಿದ್ದು. ಎಲ್ಲ ಒಂದೇ ತರ, ಪಕ್ಕದಲ್ಲಿ ಅಚ್ಚಿನ ಗೆರೆ ಇದ್ದರೆ ಅದು ಒತ್ತಿದ ಗಾಜು. ಅದೂ ತಪ್ಪಲ್ಲ, ಬೆಲೆ ಮಾತ್ರ ಗಾಜಿನದಾಗಿರಬೇಕು.

ಕೈರೋದ ಬೆಳ್ಳಿ

ಬೆಳ್ಳಿ ಸೇರಿದ ಮೇಲೆ ಇದು ಕಟ್ಟುನಿಟ್ಟಾಗಿ ಗಿಲೀಟು ಒಡವೆ ಅಲ್ಲ. ಆದರೂ ಹುಡುಕುವಾಗ ಜೊತೆಯಲ್ಲೇ ಎದುರಾಗುತ್ತದೆ. ಪ್ರವಾಸಿಗರಿಗಾಗಿ ಕೈರೋದ ಖಾನ್ ಎಲ್-ಖಲೀಲಿ ಬಜಾರಿನಂಥ ಕಡೆ ಮಾರಿದ ಬೆಳ್ಳಿಯ ಪದಕ, ಬಳೆಪಟ್ಟಿ, ಬ್ರೂಚು. ಅರಬ್ಬಿ ಲಿಪಿಯ ಅಂಕಿಗಳಲ್ಲಿ ಶುದ್ಧತೆಯ ಮುದ್ರೆ ಇದ್ದರೆ ಈಜಿಪ್ಟಿನಲ್ಲೇ ಪರೀಕ್ಷೆಯಾದದ್ದು. 800 ಅಂದರೆ ಸಾವಿರದಲ್ಲಿ 800 ಪಾಲು ಬೆಳ್ಳಿ. 925 ಮಾತ್ರ ಬೆಳ್ಳಿ ಅಂದುಕೊಂಡವರು ಇದನ್ನು ಕಂಡು ಹಿಂಜರಿಯಬೇಕಾಗಿಲ್ಲ.

ಇದೇ ಗುಂಪಿನಲ್ಲಿ ಕೆಲವೊಮ್ಮೆ ಒಂದು ಅಪರೂಪದ ಕೆಲಸ ಸಿಗುತ್ತದೆ: ರೆಕ್ಕೆ ಬಿಚ್ಚಿದ ಸ್ಕ್ಯಾರಬ್ ಅಥವಾ ರಣಹದ್ದು. ರೆಕ್ಕೆಯ ಪ್ರತಿ ಗರಿಯಲ್ಲೂ ಎನಾಮಲ್, ಆದರೆ ಹಿಂದೆ ಲೋಹದ ತಗಡು ಇಲ್ಲ. ಬೆಳಕಿಗೆ ಹಿಡಿದರೆ ಬಣ್ಣ ತೂರಿ ಬರುತ್ತದೆ. ಇದನ್ನು ಪ್ಲೀಕ್-ಅ-ಜೂರ್ ಅನ್ನುತ್ತಾರೆ. ಯುರೋಪಿನಲ್ಲಿ ಮಾಡಿದವೂ ಇವೆ. ಕೊಳ್ಳುವ ಮೊದಲು ದೀಪದ ಎದುರು ಹಿಡಿದು ಒಂದೊಂದು ಗರಿಯನ್ನೂ ನೋಡಿ. ಒಂದು ಗರಿ ಸೀಳಿದ್ದರೂ ರಿಪೇರಿ ಮಾಡುವವರು ಸಿಗುವುದು ಕಷ್ಟ. ಒಳ್ಳೆಯ ಸ್ಥಿತಿಯದು ಸಿಕ್ಕಿದರೆ, ಕೈಯಲ್ಲಿ ದುಡ್ಡಿದ್ದರೆ, ನಾನಂತೂ ಬಿಡಲಾರೆ.

ಸೆಲ್ಯುಲಾಯ್ಡ್, ಗ್ಯಾಲಲಿತ್, ಬೇಕಲೈಟ್ ಅನ್ನುವ ಹಳೇ ಪ್ಲಾಸ್ಟಿಕ್ಕುಗಳಲ್ಲೂ 1920ರ ದಶಕದಲ್ಲಿ ಈಜಿಪ್ಟ್ ಒಡವೆ ಮಾಡಿದ್ದಾರೆ. ನೋಡಲು ಸೊಗಸು, ಆದರೆ ನಮ್ಮ ಹವೆಗೆ ಸೆಲ್ಯುಲಾಯ್ಡ್ ಕಷ್ಟ. ಕಾಲ ಕಳೆದ ಹಾಗೆ ಅದು ತಾನಾಗಿಯೇ ಒಡೆಯುತ್ತದೆ, ಆವಿ ಬಿಡುತ್ತದೆ, ಪಕ್ಕದ ಲೋಹವನ್ನೂ ಕೆಡಿಸುತ್ತದೆ. ಬೆಂಕಿಯೂ ಬೇಗ ಹತ್ತುತ್ತದೆ. ಬಿಸಿ ಸೂಜಿ ಚುಚ್ಚಿ ಪರೀಕ್ಷಿಸಿ ಅಂತ ಯಾರಾದರೂ ಹೇಳಿದರೆ ಖಂಡಿತ ಮಾಡಬೇಡಿ. ಹೊಸಬರು ಈ ಗುಂಪನ್ನು ಸದ್ಯಕ್ಕೆ ಬಿಡುವುದು ಒಳ್ಳೆಯದು.

ಮ್ಯೂಸಿಯಂ ಪ್ರತಿಕೃತಿಗಳೂ ಇವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಮಾರುವ ಒಡವೆಗಳ ಹಿಂದೆ 'ಎಂಎಂಎ' ಮುದ್ರೆ ಇರುತ್ತದೆ. ಮೂಲ ಯಾವುದು ಅಂತ ಖಚಿತವಾಗಿ ಗೊತ್ತು, ಕೆಲಸ ಅಚ್ಚುಕಟ್ಟು. ಈಜಿಪ್ಟಿನ ರೂಪ ಇಷ್ಟ, ಹಳೆಯದೇ ಆಗಬೇಕು ಅನ್ನುವ ಹಟ ಇಲ್ಲ ಅನ್ನುವವರಿಗೆ ಇಷ್ಟು ನಿರಾತಂಕದ ಆಯ್ಕೆ ಬೇರೆ ಇಲ್ಲ.

ಮುಖ ನೋಡಿ ಕಾಲ ತಿಳಿಯುವುದು

ಮುದ್ರೆ ಇಲ್ಲದ ಒಡವೆಗೆ ಇದು ನನ್ನ ಮೊದಲ ಪರೀಕ್ಷೆ. ಚಿತ್ರದಲ್ಲಿರುವುದು ಯಾರು?

ನೀಲಿ ಬಣ್ಣದ, ಮೇಲಕ್ಕೆ ಅಗಲವಾಗಿ ಚಪ್ಪಟೆಯಾಗಿ ನಿಲ್ಲುವ ಕಿರೀಟದ ರಾಣಿಯಾದರೆ ಅವಳು ನೆಫರ್ಟಿಟಿ. ಅವಳ ಆ ಪ್ರತಿಮೆ ಈಜಿಪ್ಟಿನ ಅಮರ್ನಾದಲ್ಲಿ 1912ರ ಡಿಸೆಂಬರಿನಲ್ಲಿ ಸಿಕ್ಕಿತು. ಬರ್ಲಿನ್ನಿನಲ್ಲಿ ಜನ ಅದನ್ನು ನೋಡುವಂತಾದದ್ದು 1924ರಲ್ಲಿ. ಹಾಗಾಗಿ ಆ ಮುಖವಿರುವ ಬ್ರೂಚನ್ನು "ವಿಕ್ಟೋರಿಯನ್ ಕಾಲದ್ದು" ಅಂದರೆ ಸುಳ್ಳು, ಆ ಕಾಲ 1901ಕ್ಕೇ ಮುಗಿದಿತ್ತು. ಅದೇ ರೀತಿ ಟುಟಂಖಾಮನ್‌ನ ಚಿನ್ನದ ಮುಖವಾಡ. ಸಮಾಧಿ 1922ರಲ್ಲೇ ಸಿಕ್ಕಿದರೂ, ಒಳಗಿನ ಶವಪೆಟ್ಟಿಗೆ ತೆರೆದು ಮುಖವಾಡ ಕಂಡದ್ದು 1925ರ ಅಕ್ಟೋಬರಿನಲ್ಲಿ. ಹಣೆಯ ಮೇಲೆ ರಣಹದ್ದು ಮತ್ತು ನಾಗರ ಜೊತೆಗೆ, ನೀಲಿ ಪಟ್ಟೆಯ ತಲೆವಸ್ತ್ರ, ಹೆಣೆದ ಗಡ್ಡ, ಎಲ್ಲ ಆ ಮುಖವಾಡದ ಹಾಗೇ ಇದ್ದರೆ ಅದು 1925ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ನನ್ನ ಅನುಭವದಲ್ಲಿ ಅಂಥವುಗಳಲ್ಲಿ ಹೆಚ್ಚಿನವು 1970ರ ಪ್ರದರ್ಶನಗಳ ಕಾಲದವು. ಮುಖದಲ್ಲಿ ಈಜಿಪ್ಟಿಗಿಂತ ಯುರೋಪಿನ ಹೆಣ್ಣಿನ ಛಾಯೆ ಇದ್ದು, ತಲೆವಸ್ತ್ರ ಸುಮ್ನೆ ಅಲಂಕಾರಕ್ಕೆ ಅನ್ನುವಂತಿದ್ದರೆ ಇನ್ನೂ ಹಳೆಯದಿರಬಹುದು, ಜಾಸ್ತಿ ಗಮನವಿಟ್ಟು ನೋಡಿ.

ಆಮೇಲೆ ತಿರುಗಿಸಿ. ಬ್ರೂಚಿನ ಸೂಜಿಯನ್ನು ಬರೀ ಬಾಗಿದ ಕೊಕ್ಕೆ ಹಿಡಿದಿದೆಯೋ, ತಿರುಗುವ ಬೀಗದ ಕೊಂಡಿ ಇದೆಯೋ? ಬರೀ ಕೊಕ್ಕೆ ಹಳೆಯ ರೀತಿ. ಬೀಗದ ಕೊಂಡಿ ಸಾಮಾನ್ಯವಾದದ್ದು 1930ರ ಸುಮಾರಿಗೆ. ಆದರೂ ಅಗ್ಗದ ಜೆಕ್ ಬ್ರೂಚುಗಳಲ್ಲಿ ಬರೀ ಕೊಕ್ಕೆ ಮುಂದೆಯೂ ನಡೆದುಬಂತು. ಕೊಂಡಿಯ ಸುತ್ತ ಹೊಸ ಬೆಸುಗೆ ಹೊಳೆಯುತ್ತಿದ್ದರೆ ಯಾರೋ ಕೈಯಾಡಿಸಿದ್ದಾರೆ. ಕಪ್ಪು ಬರೀ ಸಂದುಗಳಲ್ಲಿ ನಿಂತು, ಉಬ್ಬಿದ ಜಾಗ ನುಣುಪಾಗಿದ್ದರೆ ಅದು ವರ್ಷಗಳ ಸವೆತ. ಮುಂದೆ ಹಿಂದೆ ಎಲ್ಲೆಡೆ ಒಂದೇ ಹದದ ಕಪ್ಪು ಬಳಿದಂತಿದ್ದರೆ ಅದು ಹಳೆಯದಾಗಿ ಕಾಣಲಿ ಅಂತ ಹಚ್ಚಿದ ಬಣ್ಣ.

ಹಸಿರು ಗಾಜನ್ನು ಅಲ್ಟ್ರಾವಯಲೆಟ್ ಟಾರ್ಚಿನ ಕೆಳಗೆ ಹಿಡಿದಾಗ ಮಿಂಚಿದರೆ ಯುರೇನಿಯಂ ಗಾಜು ಅಂತ ಮಾರುವವರು ಹಿಗ್ಗುತ್ತಾರೆ. ಮಿಂಚುವುದು ನಿಜ. ಆದರೆ ಯುರೇನಿಯಂ ಗಾಜು ಈಗಲೂ ತಯಾರಾಗುತ್ತದೆ. ಅದು ವಯಸ್ಸಿನ ಸಾಕ್ಷಿ ಅಲ್ಲ. ಹಳೇ ಅಚ್ಚುಗಳದ್ದೂ ಇದೇ ಕತೆ. ಅಮೆರಿಕದ ರೋಡ್ ಐಲೆಂಡ್ ಕಡೆ, ಜೆಕ್ ಕಡೆ, ಹಳೆಯ ಅಚ್ಚಿನಿಂದ ಇವತ್ತೂ ಹಿತ್ತಾಳೆ ಒತ್ತುವವರಿದ್ದಾರೆ. ಹೊಸದು ಅಂತ ಹೇಳಿ ಮಾರಿದರೆ ಅದು ಒಳ್ಳೆಯ ಕಸುಬು. ಸಂತೆಯಲ್ಲಿ ಕೈ ಬದಲಾದ ಮೇಲೆ ಆ ಮಾತು ಕಳಚಿಹೋಗುತ್ತದೆ, ಅದೇ ತೊಂದರೆ.

ದೂರ ಇರಬೇಕಾದವು

"ಮಮ್ಮಿ ಮಣಿ" ಅನ್ನುವ ಹೆಸರಿನಲ್ಲಿ ನೀಲಿ-ಹಸಿರು ಕೊಳವೆಮಣಿಗಳ ಸರಗಳು ಬರುತ್ತವೆ. ಪುಡಿಮಾಡಿದ ಬೆಣಚುಕಲ್ಲನ್ನು ಕ್ಷಾರ, ತಾಮ್ರದ ಜೊತೆ ಸುಟ್ಟು ಮಾಡುವ ಫಯಾನ್ಸ್ ಅದು. ಪ್ರವಾಸಿಗರಿಗಾಗಿ ಹೊಸದಾಗಿ ಮಾಡಿದವು ಬೇಕಾದಷ್ಟಿವೆ. ಆದರೆ ಮಮ್ಮಿಗಳ, ಅಂದರೆ ಕೆಡದಂತೆ ಕಾಪಿಟ್ಟ ಪ್ರಾಚೀನ ಶವಗಳ, ಮೇಲೆ ಹೊದಿಸಿದ್ದ ಮಣಿಬಲೆಗಳಿಂದ ತೆಗೆದು ಮತ್ತೆ ಪೋಣಿಸಿದವೂ 1920ರ ಕಾಲದಲ್ಲಿ ಮಾರಾಟವಾಗಿವೆ. ಯಾರದೋ ಸಮಾಧಿಯಿಂದ ಬಂದ ಮಣಿಯನ್ನು ಕತ್ತಿಗೆ ಹಾಕಿಕೊಳ್ಳುವುದು ನನಗೆ ಒಪ್ಪದ ಕೆಲಸ. ಕಾನೂನೂ ಇದೆ: ಈಜಿಪ್ಟಿನ 1983ರ 117ನೇ ಕಾಯ್ದೆ ಪ್ರಾಚೀನ ವಸ್ತುಗಳ ವ್ಯಾಪಾರವನ್ನು ನಿಲ್ಲಿಸಿತು. "ನಿಜವಾದ ಪ್ರಾಚೀನ ಸ್ಕ್ಯಾರಬ್" ಅಂತ ಹೇಳಿ, ಹಿಂದಿನ ಮಾಲೀಕರ ಕಾಗದಪತ್ರ ಇಲ್ಲದಿದ್ದರೆ, ಅದು ನಕಲಿ ಆಗಿರಬಹುದು ಅಥವಾ ಕದ್ದದ್ದಾಗಿರಬಹುದು. ಎರಡೂ ಬೇಡ. ದಂತದ ಕೆತ್ತನೆ ಇದ್ದರೆ ಅದನ್ನೂ ಮುಟ್ಟಬೇಡಿ, ಭಾರತದಲ್ಲಿ ದಂತದ ವ್ಯಾಪಾರಕ್ಕೆ ನಿಷೇಧವಿದೆ.

ಮನೆಗೆ ಬಂದ ಮೇಲೆ

ನಮ್ಮ ಮನೆಗಳಲ್ಲಿ ಹಿತ್ತಾಳೆ ಕಂಡರೆ ಕೈ ಹುಣಸೆಹಣ್ಣಿನ ಕಡೆ ಹೋಗುತ್ತದೆ. ದೇವರ ದೀಪ ತಿಕ್ಕಿದ ಹಾಗೆ ಇದನ್ನು ತಿಕ್ಕಿದರೆ ಬಣ್ಣ, ಹಳೆಯ ಲೇಪ, ಹರಳಿನ ಹಿಂದಿನ ಬೆಳ್ಳಿ ಹಾಳೆ ಮೂರೂ ಒಟ್ಟಿಗೆ ಹೋಗುತ್ತವೆ. ಒಣ ಮೃದು ಬಟ್ಟೆ, ಸಂದಿಗೆ ಮೆತ್ತನೆಯ ಕುಂಚ, ಅಷ್ಟು ಸಾಕು. ನೀರು ಬೇಡ. ಉಗುರುಬಣ್ಣ ತೆಗೆಯುವ ದ್ರವವಂತೂ ಹತ್ತಿರವೂ ಬರಬಾರದು.

ಹಸಿರು ಕಿಲುಬು ಕಂಡರೆ ಅದು ಬರೀ ಕಲೆ ಅಲ್ಲ, ಲೋಹವನ್ನು ತಿನ್ನುತ್ತಿರುತ್ತದೆ. ಆ ಒಡವೆಯನ್ನು ಬೇರೆಯವುಗಳಿಂದ ದೂರ ಇಡಿ. ಮರದ ಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಈ ಕಾಟ ಜಾಸ್ತಿ. ಒಂದೊಂದನ್ನೂ ಹತ್ತಿಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲ ಹಾಕಿ. ಸೆಲ್ಯುಲಾಯ್ಡ್ ಇದ್ದರೆ ಮಾತ್ರ ಮುಚ್ಚಿದ ಡಬ್ಬಿಯಲ್ಲಿಡಬೇಡಿ, ಅದಕ್ಕೆ ಗಾಳಿ ಬೇಕು. ಸೆಂಟು, ಪೌಡರು, ಹೂವಿನ ತೇವ ಎಲ್ಲ ಮುಗಿದ ಮೇಲೆ ಒಡವೆ ಹಾಕಿಕೊಳ್ಳಿ. ನಿಕಲ್ ತಾಗಿದರೆ ತುರಿಕೆ ಆಗುವವರು 1970ರ ಪದಕಗಳನ್ನು ಬಟ್ಟೆಯ ಮೇಲೇ ಬರುವಂತೆ ಹಾಕಿಕೊಳ್ಳುವುದು ಒಳ್ಳೆಯದು.

ದುಡ್ಡು ಕೊಡುವ ಮೊದಲು

ಲಂಡನ್ನಿನಲ್ಲಿರುವ ಕನ್ನಡಿಗರಿಗೆ ಶನಿವಾರದ ಪೋರ್ಟೊಬೆಲ್ಲೊ ರಸ್ತೆ ಇದೆ, ಅಮೆರಿಕದ ಪೂರ್ವದಲ್ಲಿರುವವರಿಗೆ ಮ್ಯಾಸಚೂಸೆಟ್ಸ್‌ನ ಬ್ರಿಮ್‌ಫೀಲ್ಡ್ ಸಂತೆ. ಅಲ್ಲಿ ಕೈಯಲ್ಲಿ ಹಿಡಿದೇ ನೋಡಬಹುದು. ಊರಿನಲ್ಲಿ ಕುಳಿತು ಫೋಟೊ ನೋಡಿ ಕೊಳ್ಳುವವರಿಗೆ ಆ ಅನುಕೂಲ ಇಲ್ಲ, ಹಾಗಾಗಿ ಕೇಳಬೇಕಾದ್ದನ್ನು ನಾಚಿಕೆ ಇಲ್ಲದೆ ಕೇಳಿ. ಹಿಂಭಾಗದ ಫೋಟೊ, ಕೊಂಡಿಯ ಹತ್ತಿರದ ಫೋಟೊ, ಪಕ್ಕದಿಂದ ತೆಗೆದದ್ದು, ಅಳತೆಪಟ್ಟಿ ಪಕ್ಕದಲ್ಲಿಟ್ಟು ತೆಗೆದದ್ದು. ತೂಕ ಎಷ್ಟು ಗ್ರಾಂ. ಯಾವ ಹರಳು ಬದಲಾಯಿಸಿದ್ದು. 1920ರದ್ದು ಅಂತ ಹೇಳಲು ಕಾರಣ ಏನು. ಕೊನೆಯ ಪ್ರಶ್ನೆಗೆ "ಅಜ್ಜಿಯದಂತೆ" ಅನ್ನುವುದಷ್ಟೇ ಉತ್ತರವಾದರೆ, ಒಡವೆಗೆ 1970ರ ಬೆಲೆ ಕೊಡಲು ನಿಮಗೆ ಒಪ್ಪಿಗೆ ಇದೆಯೇ ನೋಡಿಕೊಳ್ಳಿ. ಹೊರದೇಶದಿಂದ ಪಾರ್ಸೆಲ್ ಬಂದರೆ ಕಸ್ಟಮ್ಸ್ ಸುಂಕವೂ ಸೇರುತ್ತದೆ, ಅದನ್ನು ಬೆಲೆಯ ಜೊತೆಗೇ ಕೂಡಿಸಿ ಲೆಕ್ಕ ಹಾಕಿ. ಗಾಜಿನ ಸರವಾದರೆ ಗಟ್ಟಿ ಡಬ್ಬಿಯಲ್ಲಿ, ಪ್ರತಿ ಕೊಂಡಿಯ ನಡುವೆ ಕಾಗದ ಇಟ್ಟು ಕಳಿಸಲು ಮೊದಲೇ ಹೇಳಿಬಿಡಿ.